ಹಚ್ಚಿದವರು

ಮಗಳು ಮನೆಯಲ್ಲೇ ಗಿಟಾರ್ ಮಾಡುತ್ತೇನೆ ಎಂದಾಗ ಅಪ್ಪ ನಕ್ಕಿದ್ದ. ಅವನು ಸಿಟಿ ಬಸ್ಸಿನ ಡ್ರೈವರ್. "ಹಾಗಾದ್ರೆ ನಾನೂ ಹಿತ್ತಲಲ್ಲಿ ಒಂದು ಬಸ್ ಮಾಡ್ಕೋತೀನಿ ಬಿಡು" ಎಂದಿದ್ದ.

ಮಗಳಿಗೆ ಮನೆಯಲ್ಲಿ ಇರುವೆ ಎಂದೇ ಹೆಸರು. ಚಿಕ್ಕಂದಿನಿಂದಲೂ ಏನಾದರೊಂದು ಚೂರು ಹೊತ್ತುಕೊಂಡು ಓಡಾಡುವವಳು. ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ತೀಡುವ ಕೆಲಸ. ಫೋನಿನಲ್ಲಿ ಯಾರೋ ಮಾಡಿ ತೋರಿಸಿದ್ದನ್ನು ನೋಡಿಕೊಂಡು, ರಜೆ ಸಿಕ್ಕಾಗಲೆಲ್ಲ ಹಿಂದಿನ ವರಾಂಡದಲ್ಲಿ ಕೂತು ಹಲಗೆ ಬಗ್ಗಿಸಿದಳು, ಅಂಟಿಸಿದಳು, ಉಜ್ಜಿದಳು. ಕತ್ತಿನ ಭಾಗಕ್ಕೆ ಗಟ್ಟಿಮರ ಸಿಗದೆ ಒದ್ದಾಡುತ್ತಿದ್ದಾಗ ಅಜ್ಜಿ ತನ್ನ ಬೀರುವಿನ ಬಾಗಿಲನ್ನೇ ಬಿಚ್ಚಿಸಿ ಕೊಟ್ಟಳು.

"ಬೀರುಗೆ ಬಾಗ್ಲು ಬೇಡ್ವಾ ಅತ್ತೆ?" ಎಂದು ಅಮ್ಮ ಕೇಳಿದಳು.

"ನನ್ನ ತೂತು ಸ್ವೆಟರ್ ಕದಿಯೋಕೆ ಯಾವ ಕಳ್ಳ ಬರ್ತಾನಮ್ಮ? ಬಂದ್ರೆ ಹೊಲಿಸ್ಕೊಂಡು ಹಾಕ್ಕೊಳ್ಳಲಿ."

ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಊರಿನ ಅರ್ಧ ಜನರ ನಂಬರು ಅವಳ ನಾಲಗೆಯ ತುದಿಯಲ್ಲಿರುತ್ತಿತ್ತಂತೆ. ಈಗೀಗ ಮರೆವು. ಹಾಲಿಗೆ ಎರಡು ಸಲ ಸಕ್ಕರೆ ಬೀಳುತ್ತಿತ್ತು. ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಗುತ್ತಿತ್ತು. ಅಮ್ಮ ಯೂನಿಫಾರ್ಮ್ ಹೊಲಿಯುವ ಅಂಗಡಿಗೆ, ಅಪ್ಪ ಡ್ಯೂಟಿಗೆ, ಇರುವೆ ತನ್ನ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಅಜ್ಜಿ ಒಬ್ಬಳೇ ಟೀ ಕಾಯಿಸಿಕೊಂಡು ಕುಡಿಯುತ್ತಿದ್ದಳು. ಅದೊಂದನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಉಜ್ಜುವ ಕೆಲಸ ಮುಗಿದ ಭಾನುವಾರ ಇರುವೆ ಗಿಟಾರಿಗೆ ಎಣ್ಣೆ ಹಚ್ಚಲು ಕೂತಳು. ಬಣ್ಣದ ಅಂಗಡಿಯವನು ಹಳೆಯ ಬಾಟಲಿಗೆ ಅಳೆದು ಹಾಕಿಕೊಟ್ಟ ಅಗಸೆ ಎಣ್ಣೆ. ತಂತಿ ಕಟ್ಟುವ ಪಟ್ಟಿ ಕೂರಬೇಕಾದ ಜಾಗಕ್ಕೆ ಎಣ್ಣೆ ತಾಗಿದರೆ ಆಮೇಲೆ ಅಂಟು ಹಿಡಿಯುವುದಿಲ್ಲ. ಅಲ್ಲಿಗೆ ಕಾಗದದ ಟೇಪು ಅಂಟಿಸಿದಳು. ಅಮ್ಮ ಅಂಗಡಿಯಿಂದ ತಂದ ಹತ್ತಿಬಟ್ಟೆಯ ಚೂರುಗಳನ್ನು ಎಣ್ಣೆಯಲ್ಲಿ ಅದ್ದಿ ತೀಡುತ್ತ ಹೋದಂತೆ, ಬೂದಿ ಬಡಿದಂತಿದ್ದ ಮರ ಒಳಗಿನಿಂದಲೇ ಬಣ್ಣ ತಿರುಗಿತು. ಗೆರೆಗಳು ಒಂದೊಂದಾಗಿ ಎದ್ದು ಬಂದವು.

"ಅಯ್ಯೋ, ಕಣ್ಣು ಬಿಟ್ಟ ಹಾಗಿದೆಯಲ್ಲೇ" ಎಂದಳು ಪಕ್ಕದಲ್ಲಿ ಕೂತಿದ್ದ ಅಜ್ಜಿ.

"ಕುಡೀತಾ ಇದೆ ಅಜ್ಜಿ. ಎಷ್ಟು ಕುಡಿಯುತ್ತೋ ಅಷ್ಟು ಕುಡಿಸಿ, ಮಿಕ್ಕಿದ್ದನ್ನ ಒರೆಸಿ ತೆಗೀಬೇಕು. ವಾರ ಬಿಟ್ಟು ಇನ್ನೊಂದು ಸಲ."

ಒರೆಸಿದ ಬಟ್ಟೆಗಳನ್ನೆಲ್ಲ ಒಟ್ಟಿಗೆ ಹಿಂಡಿ ಮುದ್ದೆ ಮಾಡಿ, ಅಡುಗೆಮನೆಯ ಹಿಂಬಾಗಿಲ ಬಳಿಯ ಮಸಿಬಟ್ಟೆಯ ಬುಟ್ಟಿಗೆ ತುರುಕಿದಳು. ಗಿಟಾರನ್ನು ಬಟ್ಟೆ ಒಣಗಿಸುವ ತಂತಿಗೆ ತೂಗುಹಾಕಿ, ಹಲಗೆ ಅದುಮಿ ಹಿಡಿಯಲು ತಂದಿದ್ದ ಇಕ್ಕಳ ಹಿಂದಿರುಗಿಸಲು ಗೆಳತಿಯ ಮನೆಗೆ ಹೋದಳು.

ಸಂಜೆ ಅವಳು ಬರುವಷ್ಟರಲ್ಲಿ ಮನೆಯಲ್ಲಿ ಮೂವರೂ ಅಡುಗೆಮನೆಯಲ್ಲಿ ನಿಂತಿದ್ದರು. ನೆಲವೆಲ್ಲ ನೀರು. ಪ್ಲಾಸ್ಟಿಕ್ ಬುಟ್ಟಿ ಒಂದು ಕಡೆ ಕರಗಿ ಬಾಯಿ ಸೊಟ್ಟ ಮಾಡಿಕೊಂಡಿತ್ತು. ಮನೆ ತುಂಬ ಮೀನು ಹುರಿದು ಸೀಯಿಸಿದಂಥ ವಾಸನೆ.

"ಮಲಗಿದ್ವಿ. ಹೊಗೆ ಗಂಟಲಿಗೆ ಹಿಡಿದು ಎಚ್ಚರ ಆಯ್ತು" ಎಂದಳು ಅಮ್ಮ.

ಅಪ್ಪ ಅಜ್ಜಿಯ ಕಡೆ ತಿರುಗಿದ. "ಬಟ್ಟೇಲಿ ಪಾತ್ರೆ ಹಿಡಿದಿದೀಯ. ಅದಕ್ಕೆ ಬೆಂಕಿ ತಾಗಿದೆ. ನೋಡದೆ ಬುಟ್ಟಿಗೆ ಎಸೆದಿದೀಯ. ಅಲ್ವಾ ಅಮ್ಮ?"

"ನಾನು ಒಲೆ ಹತ್ರ ಹೋಗೇ ಇಲ್ವಲ್ಲೋ."

ಅಪ್ಪ ಸಿಂಕಿನಿಂದ ಒಂದು ಲೋಟ ಎತ್ತಿ ಹಿಡಿದ. ತಳದಲ್ಲಿ ಟೀ ಸೊಪ್ಪು ಅಂಟಿಕೊಂಡಿತ್ತು. ಇನ್ನೂ ಒದ್ದೆ.

ಅಜ್ಜಿ ಲೋಟವನ್ನು ಬೇರೆ ಯಾರದೋ ಮನೆಯದೆಂಬಂತೆ ನೋಡಿದಳು. "ಇದರಲ್ಲಿ... ನಾನು ಕುಡಿದ್ನಾ?"

"ಮತ್ತೆ ಗಿಟಾರ್ ಕುಡೀತಾ?" ಎಂದ ಅಪ್ಪ.

ಆ ವಾರವೆಲ್ಲ ಊಟದ ಹೊತ್ತಿನಲ್ಲಿ ಅಪ್ಪ ಅದೇ ಮಾತು ತೆಗೆದ. ಅಮ್ಮ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಮುಂದಿಡುತ್ತ ಮಾತು ಬದಲಿಸುತ್ತಿದ್ದಳು. ಅಜ್ಜಿ ಎರಡೂ ಕಿವಿ ನೆಟ್ಟಗಿದ್ದೂ ಕೇಳಿಸದವಳಂತೆ ತಟ್ಟೆ ನೋಡುತ್ತಿದ್ದಳು. ಮಧ್ಯಾಹ್ನದ ಟೀ ಮಾತ್ರ ನಿಲ್ಲಿಸಲಿಲ್ಲ.

ಮುಂದಿನ ಭಾನುವಾರ ಇರುವೆ ಎರಡನೆಯ ಸಲ ಎಣ್ಣೆ ಹಚ್ಚಿದಳು. ನುಣುಪು ಕಾಗದದಿಂದ ತೀಡಿ, ತೆಳುವಾಗಿ ಬಳಿದು, ಒರೆಸಿದಳು. ಬುಟ್ಟಿ ಹಾಳಾಗಿದ್ದರಿಂದ ಬಟ್ಟೆಯ ಮುದ್ದೆಯನ್ನು ಮೆಟ್ಟಿಲ ಕೆಳಗೆ ಹಳೇ ಪೇಪರು ತುಂಬಿಡುವ ರಟ್ಟಿನ ಪೆಟ್ಟಿಗೆಗೆ ಹಾಕಿದಳು.

ಮಧ್ಯಾಹ್ನದ ಊಟ ಮುಗಿದು ಬಹಳ ಹೊತ್ತಾಗಿತ್ತು. ಅಮ್ಮ ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುತ್ತಿದ್ದಳು. ಮೆಟ್ಟಿಲ ಕಡೆಯಿಂದ ಅಜ್ಜಿಯ ದನಿ ಮೆಲ್ಲಗೆ ಕೇಳಿಸಿತು. ಯಾರನ್ನೋ ಸಮಾಧಾನ ಮಾಡುವಂತಿತ್ತು.

"ಏನಾಯ್ತು? ಏನಾಯ್ತು ನಿಂಗೆ?"

ಅಮ್ಮ ಎದ್ದು ಹೋದಳು. ಅಜ್ಜಿ ಮೆಟ್ಟಿಲ ಕೆಳಗಿನ ಅರೆಗತ್ತಲಲ್ಲಿ ಬಗ್ಗಿ ನಿಂತು, ರಟ್ಟಿನ ಪೆಟ್ಟಿಗೆಯ ಒಳಗೆ ಅಂಗೈ ಇಟ್ಟಿದ್ದಳು.

"ಬಾ ಇಲ್ಲಿ, ಮುಟ್ಟಿ ನೋಡು" ಎಂದಳು ಸೊಸೆಗೆ. "ಜ್ವರ ಬಂದ ಮಗು ಥರ ಇದೆ."

ಅಮ್ಮ ಅವಳ ಕೈ ಹಿಡಿದು ಎಳೆಯುವುದಕ್ಕೂ ಪೇಪರಿನ ನಡುವಿನಿಂದ ಹೊಗೆಯ ಎಳೆ ಏಳುವುದಕ್ಕೂ ಸರಿಹೋಯಿತು. ಅಪ್ಪ ಓಡಿ ಬಂದು ಪೆಟ್ಟಿಗೆಯನ್ನು ಹಿತ್ತಲಿಗೆ ಎಳೆದ. ಗಾಳಿ ತಾಗಿದ್ದೇ ತಡ, ಭಗ್ಗೆಂದು ಹೊತ್ತಿಕೊಂಡಿತು. ಅವನ ಮುಂಗೈಯ ಕೂದಲು ಸುಟ್ಟಿತು. ಇರುವೆ ಬಕೆಟ್ಟುಗಟ್ಟಲೆ ನೀರು ಹೊಯ್ದಳು.

"ಕಡ್ಡಿಪೆಟ್ಟಿಗೆ ಎಲ್ಲಿ?" ಅಪ್ಪ ಕೂಗಿದ.

"ಅವರ ಕೈಲಿ ಏನೂ ಇರ್ಲಿಲ್ಲ ರೀ. ನಾನೇ ನೋಡಿದ್ನಲ್ಲಾ."

"ಸ್ವೆಟರ್ ಜೇಬು ನೋಡಿದ್ಯಾ?"

"ನಿಮ್ಮ ತಾಯಿ ಮೈ ತಡಕಾಡ್ಲಾ ನಾನು?"

ಅಪ್ಪ ತಾನೇ ತಡಕಿದ. ಅಜ್ಜಿ ಪೋಲೀಸರ ಮುಂದೆ ನಿಂತವಳಂತೆ ಎರಡೂ ತೋಳು ಎತ್ತಿ ನಿಂತಳು. ಜೇಬಿನಿಂದ ನಾಲ್ಕಾರು ಸುಟ್ಟ ಕಡ್ಡಿಗಳು ಹೊರಬಂದವು. ಒಂದು ಒಲೆಯಿಂದ ಇನ್ನೊಂದು ಒಲೆಗೆ ಬೆಂಕಿ ದಾಟಿಸಲು ಸುಟ್ಟ ಕಡ್ಡಿಯನ್ನೇ ಎತ್ತಿಟ್ಟುಕೊಳ್ಳುವುದು ಅವಳ ಹಳೆಯ ಅಭ್ಯಾಸ. ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಆದರೂ ಆಗ ಅಪ್ಪನ ಅಂಗೈಯಲ್ಲಿ ಆ ಕರಿ ಕಡ್ಡಿಗಳನ್ನು ನೋಡಿ ಅಮ್ಮ ಕೂಡ ಸುಮ್ಮನಾದಳು.

"ಅದು ತಾನಾಗೇ ಬೆಚ್ಚಗಿತ್ತು" ಎಂದಳು ಅಜ್ಜಿ. "ಯಾರೂ ಇರ್ಲಿಲ್ಲ ಅಲ್ಲಿ. ಅದೊಂದೇ ಇತ್ತು, ಬೆಚ್ಚಗಿತ್ತು."

"ಕೇಳಿದ್ಯಾ?" ಅಪ್ಪ ಹೆಂಡತಿಯ ಮುಖ ನೋಡಿದ. "ಇನ್ನೇನು ಬೇಕು ನಿಂಗೆ?"

ಮರುದಿನದಿಂದ ಮನೆಯಲ್ಲಿ ಹೊಸ ಕಾನೂನು. ಕಡ್ಡಿಪೆಟ್ಟಿಗೆ ಅಪ್ಪನ ಖಾಕಿ ಜೇಬಿಗೆ ಹೋಯಿತು. ಎಲ್ಲರೂ ಹೊರಡುವಾಗ ಅಡುಗೆಮನೆಗೆ ಬೀಗ. ಅಜ್ಜಿಯ ಮಂಚದ ಪಕ್ಕ ಒಂದು ಫ್ಲಾಸ್ಕಿನಲ್ಲಿ ಟೀ. ಸಂಜೆ ಅಮ್ಮ ಬಂದು ನೋಡಿದರೆ ಫ್ಲಾಸ್ಕು ತುಂಬಿದ ಹಾಗೇ ಇರುತ್ತಿತ್ತು.

"ಯಾಕೆ ಕುಡೀಲಿಲ್ಲ ಅತ್ತೆ?"

"ಬೆಳಗಿನ ಟೀ ಮಧ್ಯಾಹ್ನ ಕುಡಿಯೋಕೆ ನಾನೇನು ಆಸ್ಪತ್ರೇಲಿದೀನಾ?"

ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮನೇ ಮಾತು ತೆಗೆದಳು. "ನಾಳೆ ನಂಗೂ ವಯಸ್ಸಾಗುತ್ತೆ. ಆಗ ನಂಗೂ ಫ್ಲಾಸ್ಕಿಟ್ಟು ಬೀಗ ಜಡಿದು ಹೋಗ್ತೀರಾ?"

"ನೀನು ಮನೆಗೆ ಬೆಂಕಿ ಹಚ್ಚಿದ್ರೆ ಹೌದು."

"ನಿಮ್ಮನ್ನ ಹೆತ್ತೋರು ರೀ ಅವರು."

"ಅದಕ್ಕೇ ಹೇಳ್ತಿರೋದು! ಒಳಗೆ ಒಬ್ಳೇ ಸುಟ್ಟು ಹೋದ್ರೆ ಯಾರಿಗೆ ಹೇಳ್ಲಿ ನಾನು? ಬಸ್ ಓಡಿಸ್ತಾ ಓಡಿಸ್ತಾ ಎಲ್ಲಿ ಹೊಗೆ ಕಂಡ್ರೂ ನಮ್ಮನೇದೇ ಅನ್ಸುತ್ತೆ. ಬ್ರೇಕ್ ಮೇಲೆ ಕಾಲು ನಡುಗುತ್ತೆ."

ಅಜ್ಜಿ ಎದುರಿಗೇ ಕೂತು ಬ್ರೆಡ್ಡಿನ ಅಂಚು ಮುರಿಯುತ್ತಿದ್ದಳು.

ಎಣ್ಣೆ ಒಣಗಿದ ಮೇಲೆ ಒಂದು ಸಂಜೆ ಇರುವೆ ಗಿಟಾರಿನ ತಲೆಗೆ ಕಿವಿಗಳನ್ನು ಕೂರಿಸಲು ತೊಡಗಿದಳು. ತಂತಿ ಸುತ್ತಿ ಬಿಗಿಯುವ ಪುಟ್ಟ ಲೋಹದ ಕಿವಿಗಳು. ಅವಕ್ಕೆ ಅಕ್ಕಿಕಾಳಿನಷ್ಟು ಸ್ಕ್ರೂಗಳು. ನೇರವಾಗಿ ತಿರುಗಿಸಿದರೆ ಗಟ್ಟಿಮರದಲ್ಲಿ ಸ್ಕ್ರೂವಿನ ತಲೆಯೇ ಮುರಿಯುತ್ತದೆ. ಮೊದಲು ಕೈ ಡ್ರಿಲ್ಲಿನಿಂದ ಸಣ್ಣ ತೂತು ಕೊರೆದು, ಸ್ಕ್ರೂವಿಗೆ ಸೋಪು ಸವರಿ, ಉಸಿರು ಬಿಗಿಹಿಡಿದು ತಿರುಗಿಸಬೇಕು. ಅಜ್ಜಿ ಎದುರಿಗೆ ಕೂತು ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದಾಗಿ ಕೊಡುತ್ತಿದ್ದಳು.

"ಅದಕ್ಕೂ ಕಿವಿನಾ?"

"ಹೂಂ. ಹಿಂಡಿದ್ರೇನೇ ಸ್ವರ ಸರಿಹೋಗೋದು."

"ನಿಮ್ಮಪ್ಪಂಗೂ ಹಿಂಡ್ಬೇಕಿತ್ತು. ಚಿಕ್ಕೋನಿದ್ದಾಗ ಮುದ್ದು ಅಂತ ಬಿಟ್ಬಿಟ್ಟೆ."

ಇರುವೆ ಕಿಸಕ್ಕೆಂದು ನಕ್ಕಳು. ಅಜ್ಜಿ ನಗಲಿಲ್ಲ. ಇನ್ನೊಂದು ಸ್ಕ್ರೂ ಚಾಚುತ್ತ, ಎಕ್ಸ್‌ಚೇಂಜಿನಲ್ಲಿ ದೂರದ ಕರೆ ಬಂದಿದೆ ಎಂದು ತಿಳಿಸುವಾಗಿನ ದನಿಯಲ್ಲಿ ಹೇಳಿದಳು: "ನಾನೇ ಇರ್ಬೇಕು ಕಣೇ."

"ಏನು?"

"ಹಚ್ಚಿದ್ದು. ಮೊದ್ಲು ನೆನಪಿರ್ಲಿಲ್ಲ. ಈಗ ಬರ್ತಾ ಇದೆ. ಕಡ್ಡಿ ಗೀರಿದ್ದು. ನೀಲಿಯಾಗಿ ಬಂತು ಮೊದ್ಲು, ಆಮೇಲೆ ಹಳದಿ. ಬಗ್ಗಿ ಇಟ್ಟೆ."

ಇರುವೆಯ ಕೈಯಲ್ಲಿ ಸ್ಕ್ರೂಡ್ರೈವರ್ ನಿಂತಿತು. ಇಲ್ಲ ಅಜ್ಜಿ, ನೀನಲ್ಲ ಎಂದುಬಿಡಬಹುದಿತ್ತು. ಆದರೆ ಅಜ್ಜಿಯಲ್ಲ ಎಂದು ಅವಳಿಗೂ ಅನ್ನಿಸಿರಲಿಲ್ಲ. "ಯಾಕೆ ಹಚ್ಚಿದೆ ಅಜ್ಜಿ?" ಎಂದು ಕೇಳಿದಳು.

ಅಜ್ಜಿ ಬಹಳ ಯೋಚಿಸಿದಳು. "ಚಳಿಗಿರ್ಬೇಕು" ಎಂದಳು.

ಅದು ಸೆಖೆಯ ದಿನ. ವರಾಂಡದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಇರುವೆ ಅಂಗೈಯಿಂದ ಸ್ಕ್ರೂ ತೆಗೆದುಕೊಳ್ಳುವಾಗ ಅಜ್ಜಿಯ ಬೆರಳು ತಾಗಿತು. ಬಿಸಿಯಾಗಿತ್ತು. ಇರುವೆ ಬೇಗ ಕೈ ಹಿಂದೆಗೆದುಕೊಂಡಳು.

ಮಾರನೆಯ ದಿನ ಅಜ್ಜಿ ಎಲ್ಲರೆದುರೂ ಅದೇ ಮಾತು ಹೇಳಿದಳು. ಕಡ್ಡಿ ಗೀರಿದ್ದು, ನೀಲಿ, ಹಳದಿ. ಈ ಸಲ ಇನ್ನೂ ಒಂದು ವಿವರ ಸೇರಿತ್ತು: ಹಚ್ಚುವ ಮುಂಚೆ ಬಾಗಿಲು ಮುಂದೆ ಮಾಡಿ ಬಂದಿದ್ದಳಂತೆ. ಅಪ್ಪ ಊಟ ಬಿಟ್ಟು ಎದ್ದು, ಊರಿನ ಇನ್ನೊಂದು ತುದಿಯಲ್ಲಿದ್ದ ತಂಗಿಗೆ ಫೋನು ಮಾಡಿದ.

"ಸ್ವಲ್ಪ ದಿನ ಇಟ್ಕೋ. ನಿನ್ನ ಮನೇಲಿ ಹಗಲೆಲ್ಲ ಜನ ಇರ್ತಾರೆ."

"ಇಟ್ಕೋತೀನಿ ಅಣ್ಣ. ಆದ್ರೆ ಸುಳ್ಳು ಹೇಳಿ ಕಳಿಸ್ಬೇಡ ಅಮ್ಮನ್ನ. ಯಾಕೆ ಅಂತ ಹೇಳೇ ಕಳಿಸು."

ಹೇಳುವ ಅಗತ್ಯ ಬೀಳಲಿಲ್ಲ. ಅಜ್ಜಿ ಬ್ಯಾಗು ತಾನೇ ತುಂಬಿಕೊಂಡಿದ್ದಳು. ಹೊರಡುವಾಗ ಸೊಸೆ ತಬ್ಬಿಕೊಳ್ಳಲು ಬಂದರೆ ಒಂದು ಹೆಜ್ಜೆ ಹಿಂದೆ ಸರಿದು, "ಬೇಡಮ್ಮ. ನೈಲಾನ್ ಬಟ್ಟೆ ಹಾಕಿದೀಯ" ಎಂದಳು.

ಮನೆ ನಿಶ್ಶಬ್ದವಾಯಿತು. ಅಡುಗೆಮನೆಯ ಬೀಗ ತೆಗೆದರು. ಅಮ್ಮ ಮೂರು ತಟ್ಟೆ ಇಡುವಾಗ ಒಮ್ಮೊಮ್ಮೆ ನಾಲ್ಕನೆಯದೂ ಬಂದುಬಿಡುತ್ತಿತ್ತು, ಸದ್ದಿಲ್ಲದೆ ಒಳಗಿಡುತ್ತಿದ್ದಳು. ಗಂಡನ ಜೊತೆ ಬೇಕಾದಷ್ಟೇ ಮಾತು. ಅವನೂ ಡ್ಯೂಟಿ ಮುಗಿಸಿ ಬಂದವನು ಮೊದಲು ಮನೆಯ ಮೂಲೆ ಮೂಲೆ ಮೂಸಿ ನೋಡಿ, ಆಮೇಲೆ ಶೂ ಬಿಚ್ಚುತ್ತಿದ್ದ.

ಇರುವೆ ಒಂದೆರಡು ವಾರ ಗಿಟಾರ್ ಮುಟ್ಟಲಿಲ್ಲ. ತಂತಿಯಲ್ಲಿ ತೂಗುತ್ತ ಅದು ಗಾಳಿಗೆ ತಿರುಗಿ, ಒಮ್ಮೆ ಬೆನ್ನು, ಒಮ್ಮೆ ಎದೆ ತೋರಿಸುತ್ತಿತ್ತು. ಕೊನೆಗೆ ಅಮ್ಮನೇ, "ಅದನ್ನ ಮುಗಿಸಿಬಿಡೇ. ಅರ್ಧ ಮಾಡಿದ್ದು ಕಣ್ಣೆದುರು ನೇತಾಡ್ತಾ ಇದ್ರೆ ಊಟ ಸೇರಲ್ಲ" ಎಂದಳು. ಆ ಭಾನುವಾರ ಬೆಳಿಗ್ಗೆ ಇರುವೆ ಒಡಲಿಗೆ ಕೊನೆಯ ತೆಳು ಎಣ್ಣೆ ಹಚ್ಚಿ, ಒರೆಸಿ, ಬಟ್ಟೆಗಳನ್ನು ಮುದ್ದೆ ಮಾಡಿ ವರಾಂಡದ ಮೂಲೆಯ ಖಾಲಿ ಬಣ್ಣದ ಡಬ್ಬಿಗೆ ತುರುಕಿದಳು. ಅಮ್ಮ ಅರ್ಜೆಂಟು ಹೊಲಿಗೆ ಇದೆಯೆಂದು ಅಂಗಡಿಗೆ ಹೋಗಿದ್ದಳು.

ಮಧ್ಯಾಹ್ನ ಅಪ್ಪ ಮಂಚದ ಮೇಲೆ ಒರಗಿ ಪೇಪರ್ ಓದುತ್ತಿದ್ದ. ಇರುವೆ ಸ್ನಾನಕ್ಕೆ ಹೋಗಿದ್ದಳು. ಮೊದಲು ಆ ಮೀನಿನ ವಾಸನೆ ಬಂತು. ಹಿಂದೆಯೇ ಸುಟ್ಟ ವಾಸನೆ.

"ಅಮ್ಮಾ!" ಅಪ್ಪ ಮಲಗಿದಲ್ಲಿಂದಲೇ ಗದರಿದ. "ಮತ್ತೆ ಏನ್ ಮಾಡ್ದೆ?"

ಪೇಪರ್ ಕೆಳಗಿಟ್ಟ ಮೇಲೆ ನೆನಪಾಯಿತು.

ಅವನು ಎದ್ದ. ಬರಿಗಾಲಲ್ಲಿ, ಸದ್ದಾಗದಂತೆ, ಯಾರನ್ನೋ ಹಿಡಿಯಲು ಹೋಗುವವನಂತೆ ನಡೆದ. ವರಾಂಡದಲ್ಲಿ ಯಾರೂ ಇರಲಿಲ್ಲ. ಹಿತ್ತಲ ಬಾಗಿಲಿನ ಚಿಲಕ ಒಳಗಿನಿಂದ ಹಾಕಿತ್ತು. ಮೂಲೆಯ ಡಬ್ಬಿಯ ಬಾಯಿಂದ ಹೊಗೆ, ಯಾರೋ ಕೂತು ನಿಧಾನವಾಗಿ ಉಸಿರು ಬಿಡುತ್ತಿದ್ದಾರೇನೋ ಎಂಬಂತೆ, ಬಂದು ಬಂದು ನಿಲ್ಲುತ್ತಿತ್ತು. ಅಪ್ಪ ಕೈ ಚಾಚಿ ಡಬ್ಬಿಯ ಹೊಟ್ಟೆ ಮುಟ್ಟಿದ. ಸುಟ್ಟಿತು.

ಇರುವೆ ಒದ್ದೆ ತಲೆಗೆ ಟವಲು ಸುತ್ತಿಕೊಂಡು ಬಂದಾಗ ಅವನು ಇನ್ನೂ ಹಾಗೇ ನಿಂತಿದ್ದ.

"ಯಾರಿದ್ರು ಇಲ್ಲಿ?"

"ಯಾರೂ ಇಲ್ಲ ಅಪ್ಪ."

"ನೀನು ಕಡ್ಡಿ..."

"ಕಡ್ಡಿಪೆಟ್ಟಿಗೆ ನಿಮ್ಮ ಜೇಬಲ್ಲೇ ಇದೆಯಲ್ಲಾ."

ಅವಳು ಸ್ನಾನದ ಬಕೆಟ್ಟು ತಂದು ಡಬ್ಬಿಗೆ ಸುರಿದಳು. ಬುಸ್ಸೆಂದು ಆವಿ ಎದ್ದಿತು. ಒಳಗಿದ್ದದ್ದು ಅವಳ ಎಣ್ಣೆ ಬಟ್ಟೆ ಮಾತ್ರ. ಮೊದಲ ಸಲ ಬುಟ್ಟಿಯಲ್ಲಿ, ಎರಡನೆಯ ಸಲ ರಟ್ಟಿನ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು. ಮೊಣಕಾಲು ಮಡಚಿ ಅಲ್ಲೇ ಕೂತು ಫೋನು ತೆಗೆದಳು. ಎಷ್ಟೋ ಸಲ ನೋಡಿದ್ದ ವಿಡಿಯೋ ಅದು; ಎಣ್ಣೆ ಒರೆಸುವಲ್ಲಿಗೆ ಬಂದೊಡನೆ ನಿಲ್ಲಿಸಿ ಕೆಲಸಕ್ಕೆ ಕೂತುಬಿಡುತ್ತಿದ್ದಳು. ಈಗ ಮುಂದೆ ನೋಡಿದಳು. ಗಿಟಾರ್ ಮಾಡುವ ಮುದುಕ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಬೇಲಿಯ ಮೇಲೆ ಹರವುತ್ತಿದ್ದ. ಮುದ್ದೆ ಮಾಡಿ ಇಡಬೇಡಿ, ಈ ಎಣ್ಣೆ ಒಣಗುತ್ತ ತಾನೇ ಕಾಯುತ್ತದೆ, ಕಾದು ಕಾದು ಹೊತ್ತಿಕೊಳ್ಳುತ್ತದೆ ಎಂದು ಹೇಳುತ್ತಿದ್ದ.

ಅಪ್ಪ ಅದನ್ನು ಎರಡು ಸಲ ಹಾಕಿಸಿ ಕೇಳಿದ.

"ಹಚ್ಚಿದ್ದು ನಾನು" ಎಂದಳು ಇರುವೆ. "ಎಣ್ಣೆನೂ ನಾನೇ, ಬೆಂಕಿನೂ ನಾನೇ."

ಅಮ್ಮ ಬಂದ ಮೇಲೆ ಅವಳಿಗೂ ತೋರಿಸಿದರು. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆ ನಿಂತೇ ನೋಡಿದಳು. "ಬೆಚ್ಚಗಿತ್ತು ಅಂದ್ರಲ್ಲ ಅವರು" ಎಂದಳು. "ಮುಟ್ಟಿ ನೋಡು ಅಂತ ನನ್ನ ಕರೆದ್ರು." ಆಮೇಲೆ ಮುಖ ತೊಳೆಯಲು ಹೋದವಳು ಬಹಳ ಹೊತ್ತು ಬಚ್ಚಲಿನಿಂದ ಹೊರಗೆ ಬರಲಿಲ್ಲ.

ಅಪ್ಪ, ಮಗಳು ಇಬ್ಬರೂ ಅಜ್ಜಿಯನ್ನು ಕರೆತರಲು ಹೋದರು. ಅಪ್ಪನ ತಂಗಿ ಬಾಗಿಲಲ್ಲೇ ಅಣ್ಣನನ್ನು ತಡೆದಳು.

"ಅಮ್ಮ ಏನನ್ನೂ ಮುಟ್ಟಲ್ಲ ಅಣ್ಣ. ಕೈ ತೊಡೆ ಕೆಳಗೆ ಇಟ್ಕೊಂಡು ಕೂತಿರ್ತಾಳೆ. ಮಲಗುವಾಗ ಒದ್ದೆ ಟವಲ್ ಕೇಳ್ತಾಳೆ, ಕೈಗೆ ಸುತ್ಕೊಳ್ಳೋಕೆ."

ಅಪ್ಪ ಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಎಲ್ಲವನ್ನೂ ಬಿಡಿಸಿ ಹೇಳಿದ. ತಪ್ಪಾಯ್ತು ಅಂದ. ಅಜ್ಜಿ ಪೂರ್ತಿ ಕೇಳಿಸಿಕೊಂಡು ಮೊಮ್ಮಗಳ ಕಡೆ ಪ್ರೀತಿಯಿಂದ ನೋಡಿದಳು.

"ನಂಗೋಸ್ಕರ ತಪ್ಪು ತನ್ನ ತಲೆ ಮೇಲೆ ಹಾಕ್ಕೊಂಡಿದೆ ನನ್ನ ಮರಿ. ನಂಬ್ಬೇಡ್ವೋ ಅವಳನ್ನ. ಕಡ್ಡಿ ಗೀರಿದ್ದು ನಂಗೆ ಚೆನ್ನಾಗಿ ನೆನಪಿದೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಕಿಟಕಿಯ ಪಕ್ಕ, ಯಾರಿಗೂ ಮೈ ತಾಗದಂತೆ ಕೂತಿದ್ದಳು. ಮನೆಗೆ ಬಂದ ಮೇಲೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. "ಟೀ ಮಾಡ್ಕೊಡಿ ಅತ್ತೆ, ನಿಮ್ಮ ಕೈ ಟೀ ಕುಡಿದು ತಿಂಗಳಾಯ್ತು" ಎಂದು ಅಮ್ಮ ಎಷ್ಟು ಕರೆದರೂ ಬರಲಿಲ್ಲ. ಇರುವೆ ಟೇಪು ಕಿತ್ತು, ಪಟ್ಟಿ ಅಂಟಿಸಿ, ಬಿಗಿದು ಒಣಗಿಸಿ, ತಂತಿ ಏರಿಸಿ, ಕಿವಿಗಳನ್ನು ಹಿಂಡಿ ಹಿಂಡಿ ಸ್ವರ ಕೂಡಿಸಿದಳು. ಮೊದಲ ಸಲ ಬೆರಳಾಡಿಸಿದಾಗ ದಪ್ಪ ತಂತಿಯ ನಾದ ಮನೆಯ ಗೋಡೆಗಳೊಳಗೆ ಹೊಕ್ಕು ನಿಂತಂತೆ ಆಯಿತು.

"ನನ್ನ ಬೀರುವಿನ ಬಾಗ್ಲಿಗೆ ಇಷ್ಟೊಂದು ಗಂಟಲಿತ್ತಾ!" ಎಂದು ಅಜ್ಜಿ ಕಣ್ಣರಳಿಸಿದಳು. ಮುಟ್ಟು ಎಂದು ಮುಂದೆ ಹಿಡಿದರೆ ಮಾತ್ರ ಹಿಂದೆ ಸರಿದಳು. "ಎಣ್ಣೆ ಕುಡಿದಿದೆ ಅದು. ಬೇಡ."

ಕಣ್ಣಾರೆ ತೋರಿಸುವುದೊಂದೇ ದಾರಿ ಎಂದು ಮೂವರೂ ಮಾತಾಡಿಕೊಂಡರು. ಮುಂದಿನ ಭಾನುವಾರ ಹಿತ್ತಲಿನ ನಡುವೆ, ಸುತ್ತ ಏನೂ ಇಲ್ಲದ ಜಾಗದಲ್ಲಿ, ಒಂದು ತಗಡಿನ ಡಬ್ಬಿ ಇಟ್ಟರು. ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟುಗಳು. ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಇರುವೆ ಬಟ್ಟೆಗೆ ಸುರಿದು, ಹಿಂಡಿ, ಮುದ್ದೆ ಮಾಡಿ ಒಳಗಿಟ್ಟಳು. ಅಪ್ಪ ಕಡ್ಡಿಪೆಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ದೂರದ ಕಾಂಪೌಂಡ್ ಗೋಡೆಯ ಮೇಲಿಟ್ಟು ಬಂದ. ಅಜ್ಜಿಗೆ ಕುರ್ಚಿ ಹಾಕಿದರು. ಮಿಕ್ಕವರು ನೆಲದ ಮೇಲೆ ಕೂತರು.

ಕಾದರು. ಅಮ್ಮ ತಟ್ಟೆಗಳನ್ನು ಅಲ್ಲಿಗೇ ತಂದಳು. ಬ್ರೆಡ್ಡು, ಮೊಟ್ಟೆ ತಿನ್ನುತ್ತ ನಾಲ್ವರೂ ಡಬ್ಬಿಯನ್ನೇ ನೋಡಿದರು. ಪಕ್ಕದ ಮನೆಯ ಹೆಂಗಸು ಮಹಡಿಯಿಂದ ಇಣುಕಿ, "ಏನ್ ಬೇಯಿಸ್ತಿದೀರಿ?" ಎಂದು ಕೇಳಿದಳು. ಅಮ್ಮ ಏನಿಲ್ಲವೆಂದು ಕೈ ಬೀಸಿದಾಗ ಒಳಗೆ ಹೋಗಿ ಕಿಟಕಿ ಹಾಕಿಕೊಂಡಳು. ನೆರಳು ಗೋಡೆಯ ಬುಡದಿಂದ ಎದ್ದು ಹಿತ್ತಲಿಗೆ ಚಾಚಿಕೊಂಡಿತು. ಏನೂ ಆಗಲಿಲ್ಲ. ಇರುವೆಗೆ ಭಯವಾಯಿತು. ಬೆಂಕಿ ಬರದೆ ಹೋದರೆ?

"ಅಜ್ಜಿ, ಸ್ವಲ್ಪ ಮುಟ್ಟಿ ನೋಡು" ಎಂದಳು.

ಅಜ್ಜಿ ಒಲ್ಲೆ ಒಲ್ಲೆ ಎನ್ನುತ್ತಲೇ ಬಗ್ಗಿ, ಡಬ್ಬಿಯ ಮೇಲೆ ಬೆರಳ ತುದಿ ಇಟ್ಟಳು.

"ಬೆಚ್ಚಗಾಗ್ತಿದೆ" ಎಂದಳು.

ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ವಾಸನೆ ಬಂತು. ಹೊಗೆಯ ಎಳೆ ಎದ್ದು, ದಪ್ಪಗಾಗಿ, ಬಾಗಿತು. ಅಪ್ಪ ಕೋಲಿನಿಂದ ಬಟ್ಟೆಯನ್ನು ಅಷ್ಟೇ ಅಷ್ಟು ಸಡಿಲಿಸಿದ. ಒಳಗೆ ಕೆಂಪು ಕಣ್ಣು ತೆರೆದು, ಸದ್ದಿಲ್ಲದೆ ಜ್ವಾಲೆ ಮೇಲೆ ಬಂತು.

"ನೋಡ್ದಾ ಅಮ್ಮ? ನೋಡ್ದಾ?" ಅಪ್ಪ ಗೋಡೆಯ ಕಡೆ ಕೈ ತೋರಿಸಿದ. "ಯಾರೂ ಹಚ್ಲಿಲ್ಲ. ಕಡ್ಡಿಪೆಟ್ಟಿಗೆ ಅಲ್ಲೇ ಇದೆ. ನಾವೆಲ್ಲ ಇಲ್ಲೇ ಇದೀವಿ. ಒಬ್ರೂ ಹಚ್ಲಿಲ್ಲ!"

ಅಜ್ಜಿ ಉರಿಯನ್ನೇ ನೋಡುತ್ತಿದ್ದಳು. ಬೆಳಕು ಅವಳ ಮುಖದ ಸುಕ್ಕುಗಳಲ್ಲಿ ಓಡಾಡಿತು. ಅವಳಿಗೆ ಎಲ್ಲವೂ ಅರ್ಥವಾದಂತೆ ಕಂಡಿತು. ಅಮ್ಮ ನಿಟ್ಟುಸಿರು ಬಿಟ್ಟು ಬಕೆಟ್ಟಿಗೆ ಕೈ ಹಾಕಿದಳು.

"ಹೌದಲ್ಲೋ" ಎಂದಳು ಅಜ್ಜಿ ಮೆಲ್ಲಗೆ. "ಕಡ್ಡಿನೂ ಬೇಕಾಗ್ಲಿಲ್ಲ ಈ ಸಲ. ಬರೀ ಮುಟ್ಟಿದೆ ಅಷ್ಟೆ."

ಎರಡೂ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡಳು. ಅಪ್ಪ ಅವನ್ನು ಹಿಡಿದು ಹೊರತೆಗೆಯಲು ಮುಂದೆ ಬಾಗಿದಾಗ, ಚಿಕ್ಕ ಹುಡುಗನನ್ನು ಒಲೆಯ ಹತ್ತಿರದಿಂದ ತಡೆಯುವಂತೆ ಗದರಿದಳು.

"ದೂರ ಇರೋ. ಸುಡುತ್ತೆ."